ಹಾಗಾದ್ರೆ ಕಳ್ಳನದ್ದು ತಪ್ಪೇ ಇಲ್ವಾ?

ಸೋಷಿಯಾಲಜಿ ಎಂಎ ಮಾಡಿ ಈಗ ಕಾಸರಗೋಡಿನಲ್ಲಿ ವಕೀಲರೊಬ್ಬರ ಆಫೀಸಲ್ಲಿ ಕಾಗದಪತ್ರ ನೋಡಿಕೊಳ್ತೇನೆ ಹೇಳಿದ ಕೂಡಲೇ ಜನ ಕೇಳುದು ಒಂದೇ, ‘ಅಂದ್ರೆ ಕಳ್ಳನದ್ದು ತಪ್ಪಿಲ್ಲ, ಎಲ್ಲ ಸಮಾಜದ್ದೇ ತಪ್ಪು ಅಂತ ಅಲ್ವಾ ನಿಮ್ಮ ಸಬ್ಜೆಕ್ಟು?’ ಮೊದಲೆಲ್ಲ ನಗಾಡಿ ಬಿಡ್ತಿದ್ದೆ. ಮೊನ್ನೆ ಪೆರ್ಲದಲ್ಲಿ ಮದುವೆ ಊಟಕ್ಕೆ ಕೂತಾಗ ಪಕ್ಕದ ಎಲೆಯ ಮಾವ ಹೋಳಿಗೆಗೆ ತುಪ್ಪ ಹಾಕಿಸ್ಕೊಳ್ತಾ ಅದನ್ನೇ ಕೇಳಿದ್ರು, ನಾನು ಬಾಯಿ ತೆರೆಯುವ ಮೊದಲೇ ‘ನಮ್ಮ ಅಂಗಳದಿಂದ ಅಡಿಕೆ ಕದ್ದವನನ್ನು ಹಾಗಾದ್ರೆ ಎಂತ ಮಾಡ್ಬೇಕು, ಹಾರ ಹಾಕ್ಬೇಕಾ?’ ಅಂತ ಬೇರೆ. ಕಂಪ್ಲೇಂಟ್ ಕೊಡಿ ಮಾರಾಯ್ರೆ, ನಾನು ಬೇಡ ಹೇಳಿದ್ನಾ?

ಇದೇ ಮಾವ ಕೈ ತೊಳೀಲಿಕ್ಕೆ ಹೋಗುವಾಗ ಕೋಳಿ ಅಂಕದಲ್ಲಿ ಗೆದ್ದ ಕಥೆ ಹೇಳಿದ್ದು. ಕೋಳಿ ಕಾದಾಡಿಸುದು 1960ರ ಪ್ರಾಣಿಹಿಂಸೆ ತಡೆ ಕಾನೂನಿನಲ್ಲಿ ಅಪರಾಧ, ಬಾಜಿ ಕಟ್ಟಿದ್ರೆ ಜೂಜಿನ ಕೇಸು ಬೇರೆ. ರೈಡ್ ಆದ್ರೆ ದೊಡ್ಡ ನೋಟಿನವರು ಬೈಕ್ ಹತ್ತಿ ಗುಡ್ಡೆ ಆಚೆ, ಜೀಪು ಹತ್ತುದು ಓಡ್ಲಿಕ್ಕೆ ಆಗದವನೂ ಕೋಳಿಯೂ. ಕೋಳಿಯನ್ನಾದ್ರೂ ಬೇಗ ಹರಾಜು ಹಾಕ್ತಾರೆ, ಮನುಷ್ಯನದ್ದು ವಾಯಿದೆ ಮೇಲೆ ವಾಯಿದೆ. ಆಮೇಲೆ ಊರಲ್ಲಿ ಎಂತ ಕಳವಾದ್ರೂ ಮೊದಲು ಅವನ ಮನೆಗೇ ಬರ್ತಾರೆ, ಕೆಲಸಕ್ಕೆ ಕರೆಯುವವರು ಕಡಿಮೆ ಆಗ್ತಾರೆ, ಕಡೆಗೆ ಅವ ನಿಜವಾಗಿ ಕೆಟ್ಟವನಾದ್ರೆ ‘ನಾನು ಆವತ್ತೇ ಹೇಳಿದ್ದೆ’ ಅನ್ನಲಿಕ್ಕೆ ಹತ್ತು ಜನ ರೆಡಿ. ಹೊವಾರ್ಡ್ ಬೆಕರ್ ಅನ್ನುವ ಅಮೆರಿಕದ ಸೋಷಿಯಾಲಜಿಯವರು 1963ರಲ್ಲಿ ಬರೆದ ಲೇಬಲ್ ಥಿಯರಿ ಅಂದ್ರೆ ಹೆಚ್ಚುಕಡಿಮೆ ಇಷ್ಟೇ, ಮಾಡಿದ್ದು ಎಂತ ಅಂತ ಮಾತ್ರ ಅಲ್ಲ, ಚೀಟಿ ಯಾರ ಹಣೆಗೆ ಅಂಟಿತು, ಅಂಟಿಸಿದ್ದು ಯಾರು ಅಂತ ಸಹ ನೋಡಿ ಅಂತ. ಬ್ರಿಟಿಷರು 1871ರಲ್ಲಿ ಆ ಚೀಟಿಯನ್ನೇ ಕಾನೂನು ಮಾಡಿ ಇಡೀ ಇಡೀ ಜಾತಿಗಳನ್ನು ‘ಕ್ರಿಮಿನಲ್ ಟ್ರೈಬ್’ ಅಂದ್ರು, ತೆಗೆದದ್ದು 1952ರಲ್ಲಿ. ಕಳ್ಳನಿಗೆ ಸಪೋರ್ಟ್ ಅಂತ ಇದರಲ್ಲಿ ಎಲ್ಲುಂಟು?

2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದ 5,73,220 ಜನರಲ್ಲಿ 4,34,302 ಜನ ವಿಚಾರಣೆ ಇನ್ನೂ ಮುಗಿಯದವರು. ಎಲೆ ಮುಂದೆ ಕೂತಿದ್ದಾಗಲೇ ಮಾವನಿಗೆ ಇದನ್ನು ಹೇಳಿದ್ದೆ. ‘ಪಾಯಸ ಬಂತು’ ಅಂದ್ರು.

ನನ್ನ ಹತ್ರ ಯಾರೂ ಕೇಳದ ಪ್ರಶ್ನೆ ಒಂದುಂಟು: ಪೊಲೀಸರು ಹಿಡಿದುಕೊಂಡು ಹೋದವನಿಗೆ ಅವರು ಬರೆದದ್ದು ಅರ್ಥ ಆಯ್ತಾ? 1956ರಲ್ಲಿ ನಮ್ಮ ಕಾಸರಗೋಡನ್ನು ಕೇರಳಕ್ಕೆ ಸೇರಿಸಿದ್ರು, ಕನ್ನಡ ಮೀಡಿಯಂ ಶಾಲೆ ಉಳೀತು, ಸ್ಟೇಷನ್ನಿನ ಕಾಗದ ಮಲಯಾಳ ಆಯ್ತು. ಆರೋಪಿಗೆ ಸಾಕ್ಷಿ ಹೇಳಿಕೆಯನ್ನು ಅವನಿಗೆ ತಿಳಿಯುವ ಭಾಷೆಯಲ್ಲೇ ವಿವರಿಸಬೇಕು ಅಂತ ಕಾನೂನು ಉಂಟು, ಚಂದದ ಕಾನೂನು, ಆದ್ರೆ ಅದು ಕೋರ್ಟಿನೊಳಗಿನ ಮಾತು, ಅಷ್ಟೊತ್ತಿಗೆ ಅವ ಎಷ್ಟು ಕಾಗದಕ್ಕೆ ಸೈನ್ ಹಾಕಿಯಾಗಿರ್ತದೆ. ಗಡಿ ಆಚೆಯಿಂದ ಕರ್ನಾಟಕದ ಮದ್ಯದ ಪ್ಯಾಕೆಟ್ ತಂದು ಅಬ್ಕಾರಿ ಕೇಸಲ್ಲಿ ಸಿಕ್ಕಿದ ಒಬ್ಬ ಜಾಮೀನಾದ ಮೇಲೆ ನಮ್ಮ ಆಫೀಸಿಗೆ ಬಂದಿದ್ದ. ತಂದದ್ದು ಹೌದು ಅಂತ ಅವನೇ ಹೇಳ್ತಾನೆ, ಅದರಲ್ಲಿ ತಕರಾರಿಲ್ಲ. ಅರೆಸ್ಟ್ ಮೆಮೊ, ಅಂದ್ರೆ ಹಿಡಿದಾಗ ಬರೆದು ಸೈನ್ ಹಾಕಿಸುವ ಕಾಗದ, ಅದರ ಜೆರಾಕ್ಸ್ ಮಡಚಿ ಮಡಚಿ ಹರೀಲಿಕ್ಕೆ ಆಗಿತ್ತು.

‘ಓದಿ ಹೇಳಿದ್ರಾ?’ ಕೇಳಿದೆ.

‘ಹೇಳಿದ್ರು, ತಲೆ ಆಡಿಸಿದೆ.’

ನನಗೂ ಮಲಯಾಳ ಬಸ್ಸಿನ ಬೋರ್ಡ್ ಓದುವ ಸ್ಪೀಡಲ್ಲೇ ಬರುದು, ಅಕ್ಷರ ಕೂಡಿಸಿ ಕೂಡಿಸಿ ಓದ್ತಾ ಹೋದೆ. ಅಪ್ಪನ ಹೆಸರು ಇರುವಲ್ಲಿ ಬೇರೆ ಯಾರದ್ದೋ ಹೆಸರಿತ್ತು. ಕೆಳಗೆ ಇವನ ಸೈನ್, ಕನ್ನಡದಲ್ಲಿ, ದುಂಡಗೆ.