ಪಡಸಾಲೆಯ ಕಪಾಟು: ಖಾನೆಗಳ ಲೆಕ್ಕ

ಧಾರವಾಡ, 9 ನವೆಂಬರ್ 2025, ರವಿವಾರ

ಮಾಳಮಡ್ಡಿಯ ಹಳೆಯ ಮನೆಯ ಪಡಸಾಲೆ. ಎರಡು ಕಂಬಗಳ ನಡುವಿನ ಗೋಡೆಯಲ್ಲಿ ಕಪಾಟು ಕೂಡಿಸಬೇಕು. ಮನೆಯವರ ಮಾತು ಎಲ್ಲ ಕಡೆ ಕೇಳುವಂಥದ್ದೇ: “ಎಲ್ಲಾ ಖಾನೆ ಒಂದ ಅಳತಿ ಇರ್ಲಿರಿ, ನೋಡಾಕ ಛಂದ ಕಾಣತಾವು.” ಖಾಲಿ ಇದ್ದಾಗ ಛಂದ ಕಾಣುತ್ತವೆ, ಖರೆ. ಸಾಮಾನು ಇಟ್ಟ ಮೇಲೆ ಸಣ್ಣ ಪುಸ್ತಕಗಳ ನೆತ್ತಿಗೆ ಅರ್ಧ ಅಡಿ ಜಾಗ ಹಾಳು, ಬಾಕ್ಸ್ ಫೈಲುಗಳು ಅಡ್ಡ ಮಲಗುತ್ತವೆ, ಹಾರ್ಮೋನಿಯಂ ಮಂಚದ ಕೆಳಗೇ ಉಳಿಯುತ್ತದೆ. ಟೇಪು ಮೊದಲು ಸಾಮಾನಿಗೆ, ಆಮೇಲೆ ಗೋಡೆಗೆ.

ಇವತ್ತು ಎಲ್ಲವನ್ನೂ ಫರ್ಸಿಯ ಮೇಲೆ ಹರಡಿ, ಎತ್ತರ ನೋಡಿ ಗುಂಪು ಮಾಡಿ ಅಳೆದದ್ದು: ಡೆಮಿ ಅಷ್ಟಪತ್ರದ ಪುಸ್ತಕ 216 ಎಂಎಂ ಎತ್ತರ (ಕಾದಂಬರಿ, ಕವನ ಸಂಕಲನ ಬಹುಪಾಲು ಇದೇ). ಕ್ರೌನ್ ಅಳತೆಯ ಹಳೆಯ ಪುಸ್ತಕ 183. ಎ4 ಅಳತೆಯ ಕಾಗದಪತ್ರ 297. ಬಾಕ್ಸ್ ಫೈಲು 350. ಹಾರ್ಮೋನಿಯಂ ಪೆಟ್ಟಿಗೆ 570 ಅಗಲ, 350 ಆಳ, 300 ಎತ್ತರ. ಚೀಲದ ಸಮೇತ ಡಗ್ಗಾ ಸುಮಾರು 300. ತಂಬೂರಿಯೂ ಇದೆ, ಅದನ್ನು ಕಪಾಟಿನ ಲೆಕ್ಕಕ್ಕೇ ಹಿಡಿದಿಲ್ಲ. ಅದರ ಬುರುಡೆಗೆ ಬೇಕಾದ ಆಳ ಕೊಟ್ಟರೆ ಉಳಿದ ಖಾನೆಗಳೆಲ್ಲ ಬಾವಿಯಾಗುತ್ತವೆ. ಅದಕ್ಕೆ ಒಳಗೋಡೆಯ ಮೂಲೆಯೇ ಸರಿ.

ಎತ್ತರದ ತಪ್ಪನ್ನು ಫಳಿ (ಸಾಮಾನು ಇಡುವ ಅಡ್ಡ ಹಲಗೆ) ಸರಿಸಿ ತಿದ್ದಬಹುದು. ಆಳದ ತಪ್ಪಿಗೆ ಮದ್ದಿಲ್ಲ. 400 ಎಂಎಂ ಆಳದ ಖಾನೆಯಲ್ಲಿ 140 ಅಗಲದ ಪುಸ್ತಕ ಇಟ್ಟರೆ ಮುಂದೆ ಇನ್ನೊಂದು ಸಾಲು ಬಂದೇ ಬರುತ್ತದೆ, ಹಿಂದಿನ ಸಾಲು ಜಿರಳೆಯ ಪಾಲು. ಹಾಗಂತ 250 ಮಾಡಿದರೆ ಫೈಲು ಹೊರಗೆ ಚಾಚುತ್ತದೆ. ಆದ್ದರಿಂದ ಎರಡು ಪೆಟ್ಟಿಗೆ, ಒಂದರ ಮೇಲೊಂದು: ಕೆಳಗಿನದು 400 ಆಳ, 500 ಎತ್ತರ, ಮೇಲಿನದು 300 ಆಳ, 1630 ಎತ್ತರ. ನಡುವೆ 100 ಎಂಎಂ ಕಟ್ಟೆ ಸಿಗುತ್ತದೆ.

300 ಮತ್ತು 400 ಅಂದದ್ದು ಅಂದಾಜಿನ ಮೇಲಲ್ಲ. 8×4 ಅಡಿಯ ಪ್ಲೈವುಡ್ ಅಂದರೆ 2440×1220 ಎಂಎಂ. ಗರಗಸದ ಬ್ಲೇಡು ಪ್ರತಿ ಕೊಯ್ತಕ್ಕೆ 3ರಿಂದ 4 ಎಂಎಂ ತಿನ್ನುತ್ತದೆ. 300ರ ನಾಲ್ಕು ಪಟ್ಟಿ, ಮೂರು ಕೊಯ್ತ ಸೇರಿ 1212. ಹಾಳೆಯಲ್ಲಿ ಸರಿಯಾಗಿ ಕೂಡುತ್ತದೆ. “ಇನ್ನೊಂಚೂರು ಆಳ ಇರ್ಲಿ” ಅಂತ 310 ಹಿಡಿದರೆ ಮೂರೇ ಪಟ್ಟಿ, ಹಾಳೆಯ ಕಾಲು ಭಾಗ ತುಂಡಾಗಿ ಬೀಳುತ್ತದೆ. 400ಕ್ಕೆ ಮೂರು ಪಟ್ಟಿ, 1208. 425 ಮಾಡಿದರೆ ಎರಡೇ.

ಇನ್ನು ಗೋಡೆ. ಎರಡು ಕಂಬಗಳ ನಡುವಿನ ಅಗಲ ಬುಡದಲ್ಲಿ 1882, ನಡುವೆ 1876, ಲಾಫ್ಟಿನ ಕೆಳಗೆ 1871. ಒಂದೇ ಕಡೆ ಅಳೆದು ಹೋಗಿದ್ದರೆ ಪೆಟ್ಟಿಗೆ ಅರ್ಧಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಮೂರು ಎತ್ತರದಲ್ಲಿ ಅಳೆದು, ಅತಿ ಸಣ್ಣದಕ್ಕಿಂತ ಸುಮಾರು 10 ಎಂಎಂ ಕಡಿಮೆ ಹಿಡಿಯಬೇಕು: 1860. ಇಕ್ಕೆಲದ ಸಂದಿಗೆ ಆಮೇಲೆ ಪಟ್ಟಿ ಹೊಡೆದರಾಯಿತು. ಗೋಡೆಯ ಬುಡದಲ್ಲಿ ಒಂದು ಗೇಣು ಎತ್ತರಕ್ಕೆ ಉಪ್ಪು ಬಿಟ್ಟ ಗೆರೆ ಇದೆ. ಈಗ ಒಣಗಿದಂತೆ ಕಂಡರೂ ಶ್ರಾವಣದಲ್ಲಿ ಥಂಡಿ ಹಿಡಿಯುವ ಗೋಡೆ. ಗವಂಡಿಯಿಂದ ಮೊದಲು 100 ಎಂಎಂ ಇಟ್ಟಿಗೆ ಕಟ್ಟೆ, ಮೇಲೆ 20 ಎಂಎಂ ಕಡಪಾ ಕಲ್ಲು. ಹಿಂದೆ 12 ಎಂಎಂ ರೀಪು (ಕಟ್ಟಿಗೆಯ ಪಟ್ಟಿ) ಹೊಡೆದು ಗೋಡೆಗೂ ಹಿಂಬದಿಯ 6 ಎಂಎಂ ಪ್ಲೈಗೂ ನಡುವೆ ಗಾಳಿ ಬಿಡಬೇಕು. ರೀಪು ನಿಲುವಾಗಿರಲಿ. ಅಡ್ಡ ಹೊಡೆದರೆ ಗಾಳಿ ಮೇಲೇರುವುದಿಲ್ಲ, ಹಿಂಬದಿಗೆ ಬೂಷ್ಟು ಬರುತ್ತದೆ. ಕೆಳಗಿನ ಪೆಟ್ಟಿಗೆಗೆ 710 ಮುದ್ರೆಯ (ನೀರು ತಡೆಯುವ) ಪ್ಲೈ, ಮೇಲಿನದಕ್ಕೆ 303 (ಸಾಮಾನ್ಯ ಬಳಕೆಯದು) ಸಾಕು.

ಅಗಲದ ಲೆಕ್ಕ: ನಿಲುವು ಹಲಗೆ ನಾಲ್ಕು, 18 ಎಂಎಂನವು, ಒಟ್ಟು 72. ಉಳಿದ 1788ನ್ನು ಸಮ ಮಾಡಿದರೆ ಮೂರು ಖಾನೆಗೂ 596 ಬರುತ್ತದೆ, ಆದರೆ 570ರ ಹಾರ್ಮೋನಿಯಂ ಪೆಟ್ಟಿಗೆಯ ಪಕ್ಕದಲ್ಲಿ ಬೆರಳು ತೂರುವುದಿಲ್ಲ. ನಡುವಿನದನ್ನು 640 ಮಾಡಿ, ಎಡಬಲಕ್ಕೆ 574 ಕೊಟ್ಟೆವು. ಮನೆಯವರು ಎರಡೇ ಖಾನೆ ಮಾಡಿ ಅಂದರು. ಆಗ ಫಳಿ 900 ದಾಟುತ್ತದೆ. ಒಂದು ಅಡಿ ಉದ್ದದ ಪುಸ್ತಕದ ಸಾಲು 8–10 ಕೆಜಿ ತೂಗುತ್ತದೆ. ಸಾಲು ತುಂಬಿದ ಫಳಿಯ ಉದ್ದ ಇಮ್ಮಡಿಯಾದರೆ ಬಾಗು ಹದಿನಾರು ಪಟ್ಟು. 18 ಎಂಎಂ ಪ್ಲೈಗೆ ಪುಸ್ತಕ ಹೊರಿಸುವುದಾದರೆ 750ರ ಒಳಗೇ ಇರಬೇಕು.

ಎಡ ಖಾನೆ ಪುಸ್ತಕಕ್ಕೆ. ಪುಸ್ತಕದ ನೆತ್ತಿಯ ಮೇಲೆ 25ರಿಂದ 35 ಎಂಎಂ ಬಿಟ್ಟರೆ ಬೆರಳು ಇಟ್ಟು ಎಳೆಯಲು ಬರುತ್ತದೆ. ಮೇಲಿನ ಪೆಟ್ಟಿಗೆಯ ಒಳ ಎತ್ತರ 1594. ಕೆಳಗಿನಿಂದ 330, 250, 250, 250, 210, 214, ನಡುವೆ ಐದು ಫಳಿಗೆ 90, ಕೂಡಿಸಿದರೆ 1594. ಕಾಗದದ ಮೇಲೆ ಛಲೋ ಕೂಡುತ್ತದೆ. ಆದರೆ ಮೈಕಾ? ಒಳಗಿನ 0.8 ಎಂಎಂ ಮೈಕಾ ಎರಡೂ ಬದಿ ಅಂಟಿದರೆ 18ರ ಫಳಿ 19.6 ಆಗುತ್ತದೆ, ಐದು ಫಳಿಗೆ 8 ಎಂಎಂ. ಅದನ್ನು ಮೇಲಿನ 214ರಲ್ಲಿ ಕಳೆದರೂ 206 ಉಳಿಯುತ್ತದೆ, ಕ್ರೌನ್ ಪುಸ್ತಕದ ಮೇಲೆ 23, ಅಂದರೆ 25ಕ್ಕೆ ತುಸು ಕಡಿಮೆ, ಆದರೂ ನಡೆಯುತ್ತದೆ. ಅಗಲದಲ್ಲೂ ಇದೇ ಕಥೆ. ಆದ್ದರಿಂದ ನಿಲುವು ಹಲಗೆಗೆ ಮೈಕಾ ಅಂಟಿಸಿ, ಪೆಟ್ಟಿಗೆ ಜೋಡಿಸಿ, ಖಾನೆಯನ್ನು ಮತ್ತೆ ಅಳೆದ ಮೇಲೆಯೇ ಫಳಿ ಕೊಯ್ಯಬೇಕು. ಎಲ್ಲವನ್ನೂ ಒಂದೇ ಸಲ ಕೊಯ್ಸಿ ತಂದರೆ ಫಳಿಗಳ ಅಂಚು ಉಜ್ಜುತ್ತ ಕೂಡುವುದೇ ಕೆಲಸ.

ನಡುವಿನ ಖಾನೆಯಲ್ಲಿ ಚೌತಿಗೆ ಗಣಪತಿ ಕೂಡುತ್ತಾನೆ. ಒಳ ಎತ್ತರ 780, ಅದರ ಮೇಲೆ 380 ಮತ್ತು 398. ವರ್ಷದ ಉಳಿದ ದಿನ 780 ಖಾಲಿ ಬಿಡುವುದು ದಂಡ. ಪಿನ್ನಿನ ಮೇಲೆ ಕೂಡುವ ಒಂದು ಫಳಿ ಹಾಕಿದರೆ 380, 382 ಎಂದು ಎರಡಾಗುತ್ತದೆ, ಹಬ್ಬದ ಹಿಂದಿನ ದಿನ ಎತ್ತಿಟ್ಟರಾಯಿತು. ಮೇಲಿನ ಫಳಿಯ ಅಡಿಗೆ ಫಲಾವಳಿ (ಗಣಪತಿಯ ಮೇಲೆ ತೂಗಬಿಡುವ ಹಣ್ಣು-ಕಾಯಿ) ಕಟ್ಟಲು ಸಣ್ಣ ಕೊಕ್ಕೆ, 12 ಎಂಎಂಗಿಂತ ಹೆಚ್ಚು ಒಳಗೆ ಹೋಗದಂಥದ್ದು. ದೀಪವನ್ನು ಖಾನೆಯೊಳಗೆ ಇಡಬಾರದು. ಮೇಲಿನ ಮೈಕಾ ಶಾಖಕ್ಕೆ ಉಬ್ಬಿ ಬಿಡುತ್ತದೆ. ಆರತಿ ತಟ್ಟೆಗೂ ದೀಪದ ಸಮೆಗೂ ಹೊರಗಿನ 100 ಎಂಎಂ ಕಟ್ಟೆ ಇದೆ, ಅದರ ಮೇಲೆ ಗ್ರಾನೈಟ್ ಪಟ್ಟಿ ಕೂಡಿಸುತ್ತೇವೆ.

ಪಿನ್ನಿನ ತೂತು 5 ಎಂಎಂ, 32 ಎಂಎಂಗೊಂದು, 10 ಆಳ. ಇಲ್ಲಿ ಎಚ್ಚರ ಬೇಕು: ನಡುವಿನ ನಿಲುವು ಹಲಗೆಗೆ ಎರಡೂ ಕಡೆಯಿಂದ ತೂತು ಬರುತ್ತದೆ. ಎದುರುಬದುರು ಬಿದ್ದರೆ 18ರ ಹಲಗೆ ಆರಪಾರ, ಪಿನ್ನು ಅಲ್ಲಾಡುತ್ತದೆ. ಒಂದು ಬದಿಯ ಸಾಲನ್ನು 16 ಎಂಎಂ ಮೇಲಕ್ಕೆ ಸರಿಸಬೇಕು. ಎಲ್ಲ ಫಳಿಯನ್ನೂ ಪಿನ್ನಿನ ಮೇಲೆ ಬಿಡಬಾರದು. ಪ್ರತಿ ಖಾನೆಯಲ್ಲೂ ನಡು ಎತ್ತರದ ಒಂದನ್ನು ಸ್ಕ್ರೂ ಹೊಡೆದು ಬಿಗಿಮಾಡದಿದ್ದರೆ ನಿಲುವು ಹಲಗೆ ಹೊಟ್ಟೆ ಬಿಡುತ್ತದೆ, ಪಿನ್ನಿನ ಫಳಿ ಒಂದು ದಿನ ಪುಸ್ತಕದ ಸಮೇತ ಕೆಳಗೆ.

ಬಲ ಖಾನೆ ಫೋಟೋ ಆಲ್ಬಮ್ಮು, ರೇಡಿಯೋ, ಔಷಧದ ಡಬ್ಬಿಗೆ. ನಾಲ್ಕು ಫಳಿಗಳಲ್ಲಿ ಬಿಗಿಮಾಡಿದ ಒಂದನ್ನು ಬಿಟ್ಟು ಉಳಿದವು ಮನೆಯವರ ಇಷ್ಟದಂತೆ. ಕೆಳಗಿನ ಪೆಟ್ಟಿಗೆಯಲ್ಲಿ ಎಡಕ್ಕೆ ಫೈಲು, ನಡುವೆ ಹಾರ್ಮೋನಿಯಂ, ಬಲಕ್ಕೆ ತಬಲಾ-ಡಗ್ಗಾ.

ಜೋಡಿಸುವಾಗ ಮೂಲೆಮಟ್ಟ ಹಿಡಿದರೆ ಸಾಲದು. ಎರಡೂ ಕರ್ಣ ಅಳೆಯಬೇಕು, 2 ಎಂಎಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಹಿಂಬದಿಯ ಪ್ಲೈ ಹೊಡೆಯುವ ಮೊದಲೇ ತಿದ್ದಬೇಕು. ಹೊಡೆದ ಮೇಲೆ ಅದು ಜಗ್ಗುವುದಿಲ್ಲ.

ನಾಳೆ ಅಂಗಡಿಗೆ ಕೊಡುವ ಚೀಟಿ: 18 ಎಂಎಂ 710 ಒಂದು ಹಾಳೆ, 18 ಎಂಎಂ 303 ಎರಡು, 6 ಎಂಎಂ ಎರಡು. 710ರ ಹಾಳೆಯಲ್ಲಿ 1860ರ ಎರಡು ಪಟ್ಟಿ ಕೆಳಪೆಟ್ಟಿಗೆಯ ತಳಕ್ಕೆ ಮತ್ತು ಮೇಲ್ಭಾಗಕ್ಕೆ. ಮೂರನೆಯ ಪಟ್ಟಿಯಲ್ಲಿ 464ರ ನಾಲ್ಕು ನಿಲುವು. 303ರ ಮೊದಲ ಹಾಳೆಯಲ್ಲಿ 1594ರ ನಾಲ್ಕು ನಿಲುವು, ಉಳಿದ 842ರ ತುಂಡುಗಳಿಂದ ನಾಲ್ಕು ಫಳಿ. ಎರಡನೆಯದರಲ್ಲಿ ಮೇಲ್ಪೆಟ್ಟಿಗೆಯ ತಳ, ನೆತ್ತಿ ಮತ್ತು ಉಳಿದ ಫಳಿ. ಚೀಟಿಯಲ್ಲಿ ಎಲ್ಲವೂ ಎಂಎಂನಲ್ಲೇ. ಕೆಲವು ಇಂಚು-ಸೂತಿನಲ್ಲಿ, ಕೆಲವು ಎಂಎಂನಲ್ಲಿ ಬರೆದರೆ ಕೊಯ್ಯುವವನು ತನಗೆ ತಿಳಿದಂತೆ ಓದುತ್ತಾನೆ, ಒಂದು ಸೂತು ಅಂದರೆ ಇಂಚಿನ ಎಂಟನೆಯ ಒಂದು ಭಾಗ, 3 ಎಂಎಂಗೂ ಹೆಚ್ಚು.