ಸೆಕೆಗಾಲದಲ್ಲಿ ರೋಹು ಯಾಕೆ ಗಾಳ ಮುಟ್ಟುವುದಿಲ್ಲ?

ಶಾಲೆಗಳಿಗೆ ಬೇಸಗೆ ರಜೆ ಸಿಕ್ಕಿತೆಂದರೆ ನನ್ನ ಫೋನಿಗೆ ಬಿಡುವಿಲ್ಲ. ಇಲ್ಲೇ ಮುಂಬಯಿಯ ಮುಲುಂಡಿನಿಂದ, ಡೊಂಬಿವ್ಲಿಯಿಂದ, ಊರಿನಿಂದ ಬಂದ ನೆಂಟರಿಂದ ಬರುವುದು ಒಂದೇ ಪ್ರಶ್ನೆ. ಕಳೆದ ವರ್ಷ ನಮ್ಮ ಭಾವ ಕೇಳಿದ್ದನ್ನು ಹಾಗೆಯೇ ಬರೆಯುತ್ತೇನೆ: "ಬೆಳಿಗ್ಗೆ ಮೂರೂವರೆಗೆ ಎದ್ದು, ಪನ್ವೇಲ್ ದಾಟಿ, ಗಾಳದ ಒಂದು ರಾಡಿಗೆ ಇಷ್ಟು ಅಂತ ದುಡ್ಡು ಕೊಟ್ಟು ಕೆರೆದಡದಲ್ಲಿ ಕೂತದ್ದು ಮಾರಾಯ. ನೀರಿನ ಮೇಲೆ ಎಲ್ಲಿ ನೋಡಿದ್ರೂ ಮೀನೇ. ಒಂದಾದ್ರೂ ಕಚ್ಚಬೇಕಲ್ಲ! ಸೆಕೆಗೆ ಮೀನಿಗೂ ಹಸಿವು ಸತ್ತುಹೋಗ್ತದಾ?"

ಹಸಿವು ಸತ್ತದ್ದಲ್ಲ ಭಾವ, ಉಸಿರು ಸಿಗದ್ದು. ನೀವು ಹೋದದ್ದೂ ದಿನದ ಅತ್ಯಂತ ಕೆಟ್ಟ ಹೊತ್ತಿಗೆ.

ಇದನ್ನು ಮೊದಲು ನನಗೆ ಹೇಳಿಕೊಟ್ಟವರು ಅಂಥದೇ ಒಂದು ಕೆರೆಯ ಕಾವಲಿನ ಕಾಕಾ. ಮೇ ತಿಂಗಳ ಒಂದು ಬೆಳಗಿನ ಜಾವ, ಇನ್ನೂ ಸರಿಯಾಗಿ ಬೆಳಕಾಗಿರಲಿಲ್ಲ. ಗಾಳಿ ಇಲ್ಲ, ನೀರು ಎಣ್ಣೆ ಹೊಯ್ದ ಹಾಗೆ ಮಲಗಿತ್ತು. ದಡದುದ್ದಕ್ಕೂ ಪಚಪಚ ಸದ್ದು. ಟಾರ್ಚ್ ಬಿಟ್ಟು ನೋಡಿದರೆ ನೂರಾರು ಬಾಯಿಗಳು. ರೋಹು, ಕಾಟ್ಲಾ ಎಲ್ಲ ಒಂದೇ ಸಾಲಿನಲ್ಲಿ ಮೂತಿ ಮೇಲೆತ್ತಿ, ನೀರು ಮತ್ತು ಗಾಳಿ ಸೇರುವ ಆ ತೆಳ್ಳಗಿನ ಪದರವನ್ನು ಹೀರುತ್ತಿದ್ದವು. ನಾನು ಆಸೆಬುರುಕ, ಒಂದರ ಮೂಗಿನ ಮುಂದೆಯೇ ಬ್ರೆಡ್ಡಿನ ಉಂಡೆ ಇಳಿಸಿದೆ. ಉಂಡೆ ಅದರ ತುಟಿಗೆ ತಗಲಿತು, ಮೀನು ಒಂದಿಷ್ಟು ಪಕ್ಕಕ್ಕೆ ಸರಿದು ಮತ್ತೆ ಬಾಯಿ ತೆರೆಯಿತು. ಅಷ್ಟೇ. ಕಾಕಾ ಹಿಂದಿನಿಂದ ನಕ್ಕರು: "ಅಣ್ಣಾ, ಮಾಶಾಂನಾ ದಮ್ ಲಾಗ್ಲಾಯ್." ಮೀನುಗಳಿಗೆ ಏದುಸಿರು ಹತ್ತಿದೆ ಅಂತ. ಹೋಗಿ ಪಂಖಾದ ಸ್ವಿಚ್ ಒತ್ತಿದರು. ಸಿಗಡಿ ಕೆರೆಗಳಲ್ಲಿ ನೀರು ಚಿಮ್ಮಿಸುತ್ತಾ ತಿರುಗುವ ಚಕ್ರ ನೋಡಿದ್ದೀರಲ್ಲ, ಅದೇ. ಹತ್ತು ನಿಮಿಷದಲ್ಲಿ ಎಲ್ಲ ಮೀನೂ ಅದರ ಸುತ್ತ.

ಒಂದು ಲೀಟರ್ ಗಾಳಿಯಲ್ಲಿ ಸುಮಾರು 270 ಮಿಲಿಗ್ರಾಂ ಆಮ್ಲಜನಕ ಇರುತ್ತದೆ. ಒಂದು ಲೀಟರ್ ನೀರು 20 ಡಿಗ್ರಿಯಲ್ಲಿ ಹಿಡಿದುಕೊಳ್ಳುವುದು 9 ಮಿಲಿಗ್ರಾಂ ಮಾತ್ರ. 30 ಡಿಗ್ರಿಗೆ ಅದು ಏಳೂವರೆಗೆ ಇಳಿಯುತ್ತದೆ, 35ಕ್ಕೆ ಏಳಕ್ಕೂ ಕಡಿಮೆ. ಮೀನಿನ ಮೈಗೆ ಸ್ವಂತ ಬಿಸಿ ಇಲ್ಲ, ನೀರು ಕಾದಂತೆ ಅದೂ ಕಾಯುತ್ತದೆ. ಹತ್ತು ಡಿಗ್ರಿ ಏರಿದರೆ ಅದರ ಒಳಗಿನ ಖರ್ಚು ಹೆಚ್ಚುಕಡಿಮೆ ಇಮ್ಮಡಿ. ಸಂಬಳ ಕಡಿತವಾದ ತಿಂಗಳಲ್ಲೇ ಬಾಡಿಗೆ ಏರಿದ ಹಾಗೆ. ತಿಂದದ್ದು ಅರಗಬೇಕಾದರೂ ಆಮ್ಲಜನಕ ಬೇಕು, ಹಾಗಾಗಿ ಮೀನು ಮೊದಲು ನಿಲ್ಲಿಸುವುದೇ ಊಟ.

ಬರೀ ಇಷ್ಟೇ ಆಗಿದ್ದರೆ ಬೆಳಗಿನ ಜಾವ ತಂಪು, ಆಗಲೇ ಒಳ್ಳೆಯದು ಅನ್ನಬಹುದಿತ್ತು. ಎಲ್ಲರೂ ಎಡವುವುದು ಇಲ್ಲೇ. ದುಡ್ಡು ಕೊಟ್ಟು ಗಾಳ ಹಾಕುವ ಕೆರೆಗಳಲ್ಲಿ ಮೀನು ದಟ್ಟವಾಗಿ ಬಿಟ್ಟಿರುತ್ತಾರೆ, ಆಳ ಹೆಚ್ಚಿರುವುದಿಲ್ಲ, ನೀರು ಪಾಚಿಯಿಂದ ಹಸಿರು. ಈ ಪಾಚಿ ಹಗಲಲ್ಲಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ರಾತ್ರಿ ಅದೂ ನಮ್ಮ ಹಾಗೆ ಉಸಿರಾಡುವುದೇ. ಪಾಚಿ, ಮೀನು, ತಳದಲ್ಲಿ ಕೊಳೆಯುವ ಕೆಸರು ಮೂರೂ ಸೇರಿ ಇರುಳಿಡೀ ಖರ್ಚು ಮಾಡಿ, ಸೂರ್ಯ ಹುಟ್ಟುವ ಹೊತ್ತಿಗೆ ತಿಜೋರಿ ಬರಿದು. ಲೀಟರಿಗೆ 3 ಮಿಲಿಗ್ರಾಮಿನ ಕೆಳಗೆ ಹೋದರೆ ರೋಹು, ಕಾಟ್ಲಾಗಳಿಗೆ ಕಷ್ಟ. ನಿಮ್ಮ ಕಣ್ಣಿಗೆ "ತುಂಬಿದ ಮೀನು" ಅಂತ ಕಂಡದ್ದು ಆಸ್ಪತ್ರೆಯ ಆಕ್ಸಿಜನ್ ವಾರ್ಡು. ಸಾಮಾನ್ಯ ಗೆಂಡೆ ಇದನ್ನು ಇವಕ್ಕಿಂತ ಚೆನ್ನಾಗಿ ತಡೆದುಕೊಳ್ಳುತ್ತದೆ. ಅಂಥ ಬೆಳಗಿನಲ್ಲಿ ಯಾರಿಗಾದರೂ ಮೀನು ಸಿಕ್ಕಿದ್ದರೆ ಅದು ಹೆಚ್ಚಾಗಿ ಗೆಂಡೆಯೇ.

ಹಾಗಾಗಿ ಏಪ್ರಿಲ್, ಮೇಯಲ್ಲಿ ನಾನು ಏಳಕ್ಕೆ ಮನೆ ಬಿಡುವವ. ದಾರಿಯಲ್ಲಿ ಮಿಸಳ್ ತಿಂದು, ಬಿಸಿಲು ಎರಡು ಗಂಟೆಯಾದರೂ ನೀರಿಗೆ ಬಿದ್ದ ಮೇಲೆ ಗಾಳ. ಎಂಟೂವರೆಯಿಂದ ಹತ್ತೂವರೆ ಹನ್ನೊಂದರವರೆಗೆ ಮೀನಿಗೂ ಗೆಲುವು, ನಮಗೂ. ನಡುಹಗಲು ಆಮ್ಲಜನಕ ಇದ್ದರೂ ಮೇಲುನೀರು ಕಾದು ಮೀನು ನೆರಳಿಗೆ ಸೇರುತ್ತದೆ, ಆಗ ನಾನೂ ಸೇರುತ್ತೇನೆ. ಸಂಜೆ ನಾಲ್ಕೂವರೆಯ ಮೇಲೆ ಕಡಲ ಕಡೆಯ ಗಾಳಿ ಎದ್ದರೆ ಅದು ಅಲೆಯನ್ನು ತಳ್ಳುವ ದಡಕ್ಕೆ ಹೋಗಿ ಕೂರಿ. ಮುಖಕ್ಕೆ ಗಾಳಿ ಬಡಿದು ದಾರ ಎಸೆಯುವುದು ರಗಳೆಯೇ, ಆದರೆ ಮೀನು ಅಲ್ಲೇ.

ತಳಕ್ಕೆ ಸೀಸ ಇಳಿಸಿ ಕೂರುವ ಅಭ್ಯಾಸವನ್ನೂ ಈ ಎರಡು ತಿಂಗಳು ಬಿಡಬೇಕು. ಕಾದ ನೀರು ಹಗುರ, ಮೇಲೆ ನಿಲ್ಲುತ್ತದೆ. ಕೆಳಗಿನ ತಂಪು ನೀರಿಗೆ ಗಾಳಿಯ ಸಂಪರ್ಕ ತಪ್ಪಿ ಉಸಿರುಗಟ್ಟುತ್ತದೆ. ತಂಪಿದೆಯಲ್ಲ ಅಂತ ಮೀನು ಅಲ್ಲಿಗೆ ಇಳಿಯುವುದಿಲ್ಲ. ಕಾಟ್ಲಾ ಹೇಗೂ ಮೇಲುನೀರಿನದು, ರೋಹು ನಡುನೀರಿನದು. ಬೆಂಡು ಕಟ್ಟಿ, ಮೂರು ನಾಲ್ಕು ಅಡಿ ಆಳದಲ್ಲಿ, ಬಟಾಣಿ ಗಾತ್ರದ ಎರೆ ಸಾಕು. ತಳದಲ್ಲೇ ಮೇಯುವ ಮೃಗಾಲ್ ಬೇಕೆಂದು ಹಟ ಮಾಡುವವರು ಮಳೆಗಾಲದವರೆಗೆ ಕಾಯಲಿ.

ಮೀನು ಕೂಡಿಸಲಿಕ್ಕೆ ಕಡಲೆ ಹಿಂಡಿ, ತೌಡು, ಮೆಂತ್ಯದ ಪುಡಿ ಕಲಸಿ ಬಕೆಟ್‌ಗಟ್ಟಲೆ ಸುರಿಯುವವರಿದ್ದಾರೆ. ಚಳಿಗಾಲದಲ್ಲಿ ನಾನೂ ಸುರಿದವನೇ. ಬೇಸಗೆಯಲ್ಲಿ ತಿನ್ನದೆ ಉಳಿದ ಹಿಂಡಿ ಕೊಳೆತು, ಇರುವ ಚೂರು ಆಮ್ಲಜನಕವನ್ನೂ ನುಂಗುತ್ತದೆ. ಸಂಜೆ ಸುರಿದದ್ದರ ಬೆಲೆಯನ್ನು ಬೆಳಗಿನ ಜಾವ ಮೀನು ತೆರುತ್ತದೆ. ಕೆರೆಯವರು ಹಿಂಡಿ ಬೇಡ ಅಂದರೆ ದಯವಿಟ್ಟು ಜಗಳ ಆಡಬೇಡಿ.

ಇನ್ನೊಂದು ಕಾಟ ಯೂಟ್ಯೂಬಿನದು. ಇಂಗ್ಲೆಂಡಿನವರ ವಿಡಿಯೋ ಕಳಿಸಿ, "ನೋಡು, 28 ಡಿಗ್ರಿ ಆದ್ರೆ ಗೆಂಡೆಗೆ ಕಷ್ಟವಂತೆ" ಅನ್ನುತ್ತಾರೆ. ಅಲ್ಲಿ ಬಿಸಿಲು ಜೋರಾದರೆ ಕೆಲವು ಕೆರೆಗಳಲ್ಲಿ ಗಾಳವನ್ನೇ ನಿಲ್ಲಿಸುತ್ತಾರೆ, ಅದು ನಿಜ, ಒಳ್ಳೆಯ ಪದ್ಧತಿ ಕೂಡ. ಆದರೆ ನಮ್ಮ ರೋಹು, ಕಾಟ್ಲಾಗಳಿಗೆ 25ರಿಂದ 32 ಡಿಗ್ರಿ ಅಂದರೆ ಮನೆಯ ಜಗಲಿ, ಅವು ಚೆನ್ನಾಗಿ ತಿಂದು ಬೆಳೆಯುವುದೇ ಅಷ್ಟರಲ್ಲಿ. ಅವರ ಅಂಕಿ ನಮಗೆ ಬೇಡ, ಉಸಿರಿನ ಲೆಕ್ಕ ಮಾತ್ರ ಎರಡೂ ಕಡೆ ಒಂದೇ.

ಪವಾಯಿ ಕೆರೆಯಲ್ಲಿ ಯಾಕೆ ಹಾಕಬಾರದು ಅಂತಲೂ ಕೇಳುತ್ತಾರೆ. 1891ರಲ್ಲಿ ಕುಡಿಯುವ ನೀರಿಗೆಂದು ಕಟ್ಟಿದ ಕೆರೆ ಅದು, ಆ ನೀರು ಕುಡಿಯಲಿಕ್ಕೆ ಬಾರದೆ ಹೋಯಿತು. ಅಲ್ಲಿ ಗಾಳದವರ ಸಂಘವಿದೆ, ಅವರನ್ನು ಕೇಳಿಯೇ ಹೋಗಬೇಕು. ಮೊಸಳೆಗಳೂ ಇವೆ, ಅವು ಯಾರನ್ನೂ ಕೇಳುವುದಿಲ್ಲ. ನನಗೆ ಬೇಸರ ಅಲ್ಲಿ ಹಬ್ಬುವ ಜಲಪರ್ಣಿಯದು. ಆ ಗಿಡ ನೀರಿನ ಮೇಲೆ ಚಾಪೆ ಹಾಸಿದರೆ ಕೆಳಗೆ ಬೆಳಕೂ ಇಲ್ಲ, ಗಾಳಿಯೂ ಇಲ್ಲ.

ಈಗ ನನ್ನ ತಪ್ಪೊಂದು. ಕೆಲವು ವರ್ಷಗಳ ಹಿಂದೆ, ಮೇ ತಿಂಗಳ ಮಧ್ಯಾಹ್ನ, ಸಪೂರ ತಂಗೂಸಿಗೆ ನಾಲ್ಕು ಕೆಜಿಯ ಕಾಟ್ಲಾ ಬಿತ್ತು. ದಾರ ಹರಿದೀತು ಅಂತ ಇಪ್ಪತ್ತು ನಿಮಿಷ ಆಡಿಸಿದೆ. ಆಮೇಲೆ ಫೋಟೋ: ಒಮ್ಮೆ ನಾನು, ಒಮ್ಮೆ ಮಗ, ಕಣ್ಣು ಮುಚ್ಚಿದ್ದಕ್ಕೆ ಮತ್ತೊಮ್ಮೆ. ಅದನ್ನು ಮಲಗಿಸಿದ ಕಲ್ಲು ನನ್ನ ಅಂಗೈಗೇ ಸುಡುತ್ತಿತ್ತು. ನೀರಿಗೆ ಬಿಟ್ಟರೆ ಬಿಳಿ ಹೊಟ್ಟೆ ಮೇಲಾಯಿತು. ಮೊಣಕಾಲುದ್ದ ನೀರಿಗಿಳಿದು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು ನಿಂತೆ. ಕಿವಿರು ಅಲ್ಲಾಡುತ್ತಿತ್ತು, ಒಮ್ಮೆ ಬಾಲ ಬೀಸಿ ಕೈ ಜಾರಿ ಹೋಯಿತು. ಬದುಕಿತು ಅಂದುಕೊಂಡೆ. ಮರುದಿನ ಕಾಕಾ ಫೋನ್ ಮಾಡಿ, ಒಂದು ದೊಡ್ಡ ಕಾಟ್ಲಾ ಜೊಂಡಿನ ಬದಿಗೆ ತೇಲುತ್ತಿದೆ ಅಂದರು. ಬೈಯಲಿಲ್ಲ, ಅದೇ ಹೆಚ್ಚು ಚುಚ್ಚಿತು. ಈಗ ದಪ್ಪ ತಂಗೂಸಿ, ನೆನೆಸಿದ ಗೋಣಿ, ಒಂದೇ ಫೋಟೋ. ಸಿಕ್ಕಿದ ಮೀನನ್ನು ಸಂಜೆಯವರೆಗೆ ಬಲೆಚೀಲದಲ್ಲಿ ಕೂಡಿಡುವುದಂತೂ ಇಲ್ಲವೇ ಇಲ್ಲ.

ಜೂನ್ ಮೊದಲ ವಾರ ಮೋಡ ಕವಿದರೆ ಎಲ್ಲರಿಗೂ ಹುಕಿ ಬರುತ್ತದೆ. ಮಳೆ ಬೀಳದೆ ಬರೀ ಮೋಡ, ಬೆವರು, ಅಲುಗದ ಗಾಳಿ ಇರುವ ಎರಡು ಮೂರು ದಿನ ಇರುತ್ತವಲ್ಲ, ಮೀನಿಗೆ ಇಡೀ ವರ್ಷದಲ್ಲಿ ಅವೇ ಗಂಡಾಂತರ. ಬಿಸಿಲಿಲ್ಲದೆ ಪಾಚಿಯ ಸಂಪಾದನೆ ಇಲ್ಲ, ಖರ್ಚು ಮಾತ್ರ ಹಾಗೇ. ಮೊದಲ ಜೋರು ಮಳೆ ತಳದ ಕೆಟ್ಟ ನೀರನ್ನು ಮೇಲಕ್ಕೆ ಕಲಕಿದರೆ ಮೀನು ಸತ್ತು ತೇಲುವುದೂ ಉಂಟು. ನಾಲ್ಕಾರು ಮಳೆ ಹೊಯ್ದು ಕೆರೆ ತಿಳಿಯಾಗುವವರೆಗೆ ನನ್ನ ರಾಡು ಅಟ್ಟದ ಮೇಲೆ.

ಈ ರಜೆಗೆ ಭಾವ ಮತ್ತೆ ಬರುತ್ತಾರಂತೆ, ಮೂರೂವರೆಗೇ ಅಲಾರಂ ಇಡುತ್ತಾರಂತೆ. ಇಡಲಿ. ಆರು ಗಂಟೆಗೆ ನಾನು ಕಾಕಾನಿಗೆ ಫೋನ್ ಮಾಡಿ, ರಾತ್ರಿ ಪಂಖಾ ಎಷ್ಟು ಹೊತ್ತು ಓಡಿತು ಅಂತ ಕೇಳುತ್ತೇನೆ. ಇರುಳಿಡೀ ಓಡಿದೆ ಅಂದರೆ ಅಲ್ಲಿಗೆ ಹೋಗುವುದಿಲ್ಲ. ಭಾಂಡುಪಿನ ಮಾರ್ಕೆಟಿಗೆ ಹೋಗಿ ಬಂಗುಡೆ ತರುತ್ತೇವೆ.