ಜಿಗುಟು ಬಿಡದ ಮೇಲ್ಮೈ

365 ನ್ಯಾನೋಮೀಟರ್ ತರಂಗಾಂತರದ ನೇರಳಾತೀತ ದೀಪದಡಿ ಗಟ್ಟಿಗೊಳಿಸಿದ ಅಕ್ರಿಲೇಟ್ ಎಲಾಸ್ಟೋಮರ್ ಹಾಳೆಯನ್ನು ಮೊದಲ ಬಾರಿ ಅಚ್ಚಿನಿಂದ ಬಿಡಿಸಿದಾಗ, ಒಳಗೆಲ್ಲ ರಬ್ಬರಿನಂತೆ ಪುಟಿಯುತ್ತಿದ್ದ ಅದರ ಮೇಲ್ಮೈ ಮಾತ್ರ ಬೆರಳಿಗೆ ಜಿಗುಟಾಗಿ ಹತ್ತಿತು. ಬೆಳಕು ಸಾಲದೆಂದು ಭಾವಿಸಿ ಇನ್ನಷ್ಟು ಹೊತ್ತು ಇಟ್ಟೆ. ಜಿಗುಟು ಹೋಗಲಿಲ್ಲ, ಹಾಳೆ ಹಳದಿಯಾಯಿತು.

ಕಾರಣ ಗಾಳಿಯಲ್ಲಿತ್ತು. ಬೆಳಕನ್ನು ಹೀರಿದ ಫೋಟೋಇನಿಶಿಯೇಟರ್ (ಗಟ್ಟಿಯಾಗುವ ಕ್ರಿಯೆಗೆ ಚಾಲನೆ ಕೊಡಲು ಬೆರೆಸುವ ರಾಸಾಯನಿಕ) ಒಡೆದು ಹುಟ್ಟುವ, ಬಹಳ ಚುರುಕಾಗಿ ವರ್ತಿಸುವ ಮುಕ್ತ ರ‍್ಯಾಡಿಕಲ್‌ಗಳು ಅಣುಸರಪಳಿಗಳನ್ನು ಪರಸ್ಪರ ಹೆಣೆಯಬೇಕಾಗಿದ್ದರೂ, ಮೇಲ್ಪದರದಲ್ಲಿ ಆಮ್ಲಜನಕವು ಅವುಗಳೊಡನೆ ಸೇರಿ ಅಷ್ಟು ಚುರುಕಿಲ್ಲದ ಪೆರಾಕ್ಸಿ ರ‍್ಯಾಡಿಕಲ್‌ಗಳಾಗುವುದರಿಂದ ಹೆಣಿಗೆ ಅಲ್ಲೇ ಕುಂಟುತ್ತದೆ. ನೈಟ್ರೋಜನ್ ಹಾಯಿಸುವುದು ಅಥವಾ ಪಾರದರ್ಶಕ ಫಿಲ್ಮ್ ಹೊದಿಸುವುದು ಇದಕ್ಕೆ ಪರಿಹಾರ. ನನಗೆ ಫಿಲ್ಮೇ ಸಾಕಾಯಿತು.

ಪ್ರತಿ ಚದರ ಸೆಂಟಿಮೀಟರಿಗೆ 100 ಮಿಲಿವ್ಯಾಟ್ ತೀವ್ರತೆಯಲ್ಲಿ 10 ಸೆಕೆಂಡು ಬೆಳಗಿಸಿದರೂ, 10 ಮಿಲಿವ್ಯಾಟ್‌ನಲ್ಲಿ 100 ಸೆಕೆಂಡು ಬೆಳಗಿಸಿದರೂ ಒಟ್ಟು ಪ್ರಮಾಣ 1 ಜೂಲ್ ಆದರೂ, ಫಲಿತಾಂಶ ಒಂದೇ ಆಗಬೇಕೆಂದಿಲ್ಲ: ಮಂದ ಬೆಳಕಿನಲ್ಲಿ ರ‍್ಯಾಡಿಕಲ್‌ಗಳು ನಿಧಾನವಾಗಿ ಹುಟ್ಟುವುದರಿಂದ, ಒಳನುಸುಳುವ ಆಮ್ಲಜನಕದ ಕೈ ಮೇಲಾಗುತ್ತದೆ. ದಪ್ಪದ ಲೆಕ್ಕವೂ ಬೇರೆಯೇ. ಬೆಳಕು ಆಳಕ್ಕಿಳಿದಂತೆ ಘಾತೀಯವಾಗಿ ಕ್ಷೀಣಿಸುತ್ತದೆ. ಕಾರ್ಬನ್ ಬ್ಲ್ಯಾಕ್ (ನುಣ್ಣನೆಯ ಇಂಗಾಲದ ಮಸಿ) ಬೆರೆತ ಕಪ್ಪು ಮಿಶ್ರಣದಲ್ಲಂತೂ ತೆಳುಪದರ ದಾಟುವುದೇ ಕಷ್ಟ. ಇನಿಶಿಯೇಟರನ್ನು ಹೆಚ್ಚಿಸಿದರೆ ಮೇಲ್ಭಾಗವೇ ಬೆಳಕನ್ನೆಲ್ಲ ನುಂಗಿ, ತಳ ಹಸಿಯಾಗಿಯೇ ಉಳಿಯಬಹುದು.